ಅಂಕಪಟ್ಟಿ ಇಲ್ಲದ ಏಳು ವರ್ಷ

ರಷ್ಯಾದ ರಿದಮಿಕ್ ಜಿಮ್ನಾಸ್ಟ್ ಅಲಿನಾ ಕಬಾಯೆವಾ ಹೆಸರನ್ನು ಗೂಗಲ್‌ನಲ್ಲಿ ಹಾಕಿ ನೋಡಿ. ಮೊದಲು ಬರೋದು ಪುಟಿನ್ ಹೆಸರು. ಆಮೇಲೆ ನಿರ್ಬಂಧಗಳು, ಆಮೇಲೆ ಒಂದಷ್ಟು ಅಂತೆಕಂತೆ. ಜಿಮ್ನಾಸ್ಟಿಕ್ಸ್ ಸಿಗಬೇಕು ಅಂದರೆ ತುಂಬಾ ಕೆಳಗಿಳಿಯಬೇಕು.

ನನಗೆ ಅಂತೆಕಂತೆಯಲ್ಲಿ ಆಸಕ್ತಿ ಇಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ, ಎಲ್ಲರ ಹಾಗೆ ನಾನೂ ಓದಿದ್ದೇನೆ. ಆದರೆ ಈಕೆಯ ಕತೆಯಲ್ಲಿ ನನ್ನ ತಲೆ ಕೊರೆಯೋದು ಬೇರೆ ವಿಷಯ. ಒಂದು ಅಂಕದ ಸಾವಿರದಲ್ಲಿ ಒಂದು ಪಾಲಿಗೂ ಲೆಕ್ಕ ಇಡುವ ಆಟ ಆಡಿದವಳು ಈಕೆ. ಕಾಲಿನ ಬೆರಳು ನೆಟ್ಟಗಿಲ್ಲ ಅಂದರೂ ಅಂಕ ಕಳೆಯುತ್ತಾರೆ. ಅಲ್ಲಿಂದ ಹೋಗಿ ಕೂತಿದ್ದು ರಷ್ಯಾದ ಸಂಸತ್ತಿನಲ್ಲಿ, ಒಬ್ಬ ಸದಸ್ಯೆ ಏನು ಮಾಡಿದಳು ಏನು ಬಿಟ್ಟಳು ಅಂತ ಯಾರೂ ಲೆಕ್ಕ ಕೇಳದ ಜಾಗದಲ್ಲಿ. ಇದನ್ನೇ ಬರೆಯೋಣ ಅಂತ ಕೂತಿದ್ದೇನೆ. ಉದ್ದ ಆಗುತ್ತದೆ, ಈಗಲೇ ಹೇಳಿಬಿಡುತ್ತೇನೆ.

ಮೊದಲು ಆಟದ ಬಗ್ಗೆ. ನಮ್ಮಲ್ಲಿ ಜಿಮ್ನಾಸ್ಟಿಕ್ಸ್ ಅಂದ ಕೂಡಲೇ ದೀಪಾ ಕರ್ಮಾಕರ್ ನೆನಪಾಗುತ್ತಾಳೆ, 2016ರ ರಿಯೊದಲ್ಲಿ ಆ ಭಯಂಕರ ಪ್ರೊಡುನೋವಾ ವಾಲ್ಟ್ ಮಾಡಿ ನಾಲ್ಕನೆಯವಳಾದಳಲ್ಲ, ಅದು. ಅದು ಆರ್ಟಿಸ್ಟಿಕ್ ಜಿಮ್ನಾಸ್ಟಿಕ್ಸ್. ರಿದಮಿಕ್ ಅನ್ನೋದು ಬೇರೆಯೇ ಲೋಕ. 13 ಮೀಟರ್ ಉದ್ದ, 13 ಮೀಟರ್ ಅಗಲದ ಒಂದು ಕಾರ್ಪೆಟ್. ಒಂದೂಕಾಲು ನಿಮಿಷದಿಂದ ಒಂದೂವರೆ ನಿಮಿಷದವರೆಗೆ ಸಂಗೀತ. ಕೈಯಲ್ಲಿ ಒಂದು ಸಾಮಾನು: ಹೂಪ್ ಅನ್ನೋ ದೊಡ್ಡ ಬಳೆ, ಚೆಂಡು, ಕ್ಲಬ್ ಅನ್ನೋ ಜೋಡಿ ಕೋಲು, ಇಲ್ಲವೇ 6 ಮೀಟರ್ ಉದ್ದದ ರಿಬ್ಬನ್; ಅಲಿನಾ ಕಾಲದಲ್ಲಿ ಹಗ್ಗವೂ ಇತ್ತು. ಆ ಸಾಮಾನು ಒಂದು ಕ್ಷಣವೂ ಸುಮ್ಮನೆ ಇರಬಾರದು. ಎಸೆಯಬೇಕು, ಅದು ಮೇಲಿರುವಾಗ ಎರಡು ಮೂರು ಸುತ್ತು ಉರುಳಬೇಕು, ನೋಡದೆ ಹಿಡಿಯಬೇಕು, ಕೆಲವೊಮ್ಮೆ ಕಾಲಿನಲ್ಲಿ ಹಿಡಿಯಬೇಕು. ಮುಖದಲ್ಲಿ ಮಾತ್ರ ಏನೂ ಕಷ್ಟ ಆಗುತ್ತಿಲ್ಲ ಅನ್ನೋ ಹಾಗೆ ನಗು ಇರಬೇಕು. ಒಲಿಂಪಿಕ್ಸ್‌ಗೆ ಇದು ಬಂದಿದ್ದು 1984ರಲ್ಲಿ, ಅದೂ ಹೆಣ್ಣುಮಕ್ಕಳಿಗೆ ಮಾತ್ರ. ಆ ಸಲ ಸೋವಿಯತ್ ಬಣದ ಹೆಚ್ಚಿನ ದೇಶಗಳು ಲಾಸ್ ಏಂಜಲೀಸ್‌ಗೆ ಹೋಗಲೇ ಇಲ್ಲ, ಕೆನಡಾದ ಲೋರಿ ಫಂಗ್ ಚಿನ್ನ ಗೆದ್ದಳು. ಆಟದ ಶುರುವೇ ರಾಜಕೀಯದ ಜೊತೆ ಆಯಿತು ನೋಡಿ.

ಅಲಿನಾ ಹುಟ್ಟಿದ್ದು 1983ರ ಮೇ 12ರಂದು, ಉಜ್ಬೇಕಿಸ್ತಾನದ ತಾಷ್ಕೆಂಟ್‌ನಲ್ಲಿ. ಹೌದು, ನಮ್ಮ ಶಾಸ್ತ್ರೀಜಿ ತೀರಿಕೊಂಡ ಅದೇ ತಾಷ್ಕೆಂಟ್. ಅಪ್ಪ ಮರಾತ್ ಕಬಾಯೆವ್ ಫುಟ್ಬಾಲ್ ಆಟಗಾರ, ಅಲ್ಲಿನ ದೊಡ್ಡ ಕ್ಲಬ್ ಪಖ್ತಾಕೋರ್ ಪರ ಆಡಿದವರು. ಅಮ್ಮ ಬಾಸ್ಕೆಟ್‌ಬಾಲ್ ಆಡುತ್ತಿದ್ದರು. ಮಗುವನ್ನು ಮೂರು ವರ್ಷದ ಹೊತ್ತಿಗೇ ಜಿಮ್ನಾಸ್ಟಿಕ್ಸ್‌ಗೆ ಹಾಕಿದರು. ಹನ್ನೆರಡರ ಆಸುಪಾಸಿನಲ್ಲಿ ಅಮ್ಮ ಅವಳನ್ನು ಮಾಸ್ಕೋಗೆ ಕರೆದುಕೊಂಡು ಹೋಗಿ ಇರಿನಾ ವೀನರ್ ಎದುರು ನಿಲ್ಲಿಸಿದರು.

ಈ ವೀನರ್ ಬಗ್ಗೆ ಗೊತ್ತಿಲ್ಲದೆ ಮುಂದಿನ ಕತೆ ಅರ್ಥ ಆಗುವುದಿಲ್ಲ. ಅವರೂ ಉಜ್ಬೇಕಿಸ್ತಾನದವರೇ, ಸಮರ್ಕಂದ್‌ನಲ್ಲಿ ಹುಟ್ಟಿದವರು. ಗಂಡ ಅಲಿಶೇರ್ ಉಸ್ಮಾನೋವ್ ಆಮೇಲೆ ರಷ್ಯಾದ ಅತಿ ಶ್ರೀಮಂತರಲ್ಲಿ ಒಬ್ಬರಾದರು (2022ರಲ್ಲಿ ಇಬ್ಬರಿಗೂ ವಿಚ್ಛೇದನ ಆಯಿತು). ಮಾಸ್ಕೋ ಹೊರವಲಯದ ನೊವೊಗೋರ್ಸ್ಕ್ ತರಬೇತಿ ಕೇಂದ್ರ ವೀನರ್ ಸಾಮ್ರಾಜ್ಯ ಅಂದರೆ ತಪ್ಪಿಲ್ಲ. ಕೂಗಾಡೋದು, ತೂಕ ನೋಡೋದು, ಅಳಿಸೋದು, ಆಮೇಲೆ ಚಿನ್ನ ಗೆಲ್ಲಿಸೋದು, ಇದು ಅವರ ಕ್ರಮ. ಅಲಿನಾಗೂ ಮೊದಲು ಸಿಕ್ಕಿದ ಆದೇಶ ತೂಕ ಇಳಿಸು ಅಂತ. ಹನ್ನೆರಡು ವರ್ಷದ ಮಗುವಿಗೆ! ಆ ಆಟದಲ್ಲಿ ಇದೇನೂ ಹೊಸದಲ್ಲ, ಇವತ್ತಿಗೂ ಪೂರ್ತಿ ಹೋಗಿಲ್ಲ. ಹಾಗಂತ ಅದನ್ನು ಒಪ್ಪಿಕೊಳ್ಳಬೇಕಾಗಿಲ್ಲ, ಅಲ್ವಾ.

1998ರಲ್ಲಿ ಪೋರ್ಚುಗಲ್‌ನ ಪೋರ್ಟೊದಲ್ಲಿ ಹದಿನೈದರ ಹುಡುಗಿ ಯುರೋಪಿಯನ್ ಚಾಂಪಿಯನ್ ಆದಳು. ಮಾರನೇ ವರ್ಷ ಜಪಾನಿನ ಒಸಾಕಾದಲ್ಲಿ ವಿಶ್ವ ಚಾಂಪಿಯನ್. ಆ ಕಾಲದ ವಿಡಿಯೊಗಳು ಈಗಲೂ ಯೂಟ್ಯೂಬ್‌ನಲ್ಲಿ ಸಿಗುತ್ತವೆ, ಚಿತ್ರ ಮಸುಕು, ಆದರೂ ನೋಡಿ. ಒಂದು ಕಾಲಿನ ತುದಿಬೆರಳ ಮೇಲೆ ನಿಂತು, ಇನ್ನೊಂದು ಕಾಲನ್ನು ಹಿಂದಿನಿಂದ ಎತ್ತಿ ತಲೆಯ ಹತ್ತಿರ ತಂದು, ಕೈ ಹಿಡಿಯದೆ ಹಾಗೇ ಗಿರಗಿರ ತಿರುಗುತ್ತಾಳೆ. ಇಂಥ ಚಲನೆಗಳಿಗೆ ಇವತ್ತಿಗೂ ಅವಳ ಹೆಸರೇ ಇದೆ. ಆದರೆ ಬಾಗೋದಷ್ಟೇ ಅವಳ ವಿಶೇಷ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಅವಳು ಕಾರ್ಪೆಟ್ ಮೇಲೆ ಖುಷಿಯಾಗಿರುತ್ತಿದ್ದಳು, ಅಥವಾ ಖುಷಿಯಾಗಿದ್ದಾಳೆ ಅಂತ ನಂಬಿಸುತ್ತಿದ್ದಳು. ಹಳೆಯ ಸೋವಿಯತ್ ಶೈಲಿಯ ಹುಡುಗಿಯರು ಬ್ಯಾಲೆ ನರ್ತಕಿಯರ ಗಾಂಭೀರ್ಯದಲ್ಲಿ ಆಡುತ್ತಿದ್ದರು. ಇವಳು ತುಂಟಿ. ಪ್ರೇಕ್ಷಕರನ್ನು ನೋಡಿ ನಗುತ್ತಿದ್ದಳು.

ಇದಕ್ಕೆ ಇನ್ನೊಂದು ಮುಖವೂ ಇದೆ. ಅಲಿನಾ ಗೆಲ್ಲುತ್ತಾ ಹೋದ ಹಾಗೆ ಉಳಿದ ದೇಶಗಳ ತರಬೇತುದಾರರೂ ಅಷ್ಟೇ ಬಾಗುವ ಮಕ್ಕಳನ್ನು ಹುಡುಕತೊಡಗಿದರು. ಮುಂದಿನ ಹತ್ತು ವರ್ಷ ಆಟ ಎಷ್ಟು ಬದಲಾಯಿತು ಅಂದರೆ, ಸಂಗೀತ ಒಂದು ಕಡೆ, ಮೈ ತಿರುಚೋದು ಇನ್ನೊಂದು ಕಡೆ ಅಂತ ಹಳಬರು ಬೈಯುವ ಮಟ್ಟಕ್ಕೆ ಬಂತು. ನನಗೂ ಹಾಗೇ ಅನಿಸುತ್ತದೆ. ಅವಳ ಮೈಗೆ ಸಹಜವಾಗಿ ಬಂದಿದ್ದನ್ನು ನೂರಾರು ಮಕ್ಕಳ ಬೆನ್ನಿನಿಂದ ವಸೂಲಿ ಮಾಡಲು ಹೊರಟರು.

2000ದ ಸಿಡ್ನಿಗೆ ಹೋಗುವಾಗ ಚಿನ್ನ ಇವಳದೇ ಅಂತ ಎಲ್ಲರೂ ಅಂದುಕೊಂಡಿದ್ದರು. ಹೂಪ್ ಆಟದಲ್ಲಿ ಹೂಪ್ ಕೈತಪ್ಪಿತು. ಕೈತಪ್ಪಿ ಅಲ್ಲೇ ಬಿದ್ದಿದ್ದರೆ ಒಂದು ಮಾತು, ಉರುಳಿಕೊಂಡು ಗೆರೆ ದಾಟಿ ಕಾರ್ಪೆಟ್‌ನ ಆಚೆ ಹೋಯಿತು. ಹುಡುಗಿ ಅದರ ಹಿಂದೆ ಓಡಿದಳು. ಆ ಓಟ ಇದೆಯಲ್ಲ, ಅದರಲ್ಲಿ ನೃತ್ಯವೂ ಇಲ್ಲ, ಲಯವೂ ಇಲ್ಲ. ಗಾಬರಿಯಾದ ಹದಿನೇಳು ವರ್ಷದ ಒಬ್ಬ ಹುಡುಗಿಯ ಓಟ ಅಷ್ಟೇ. ವಾಪಸ್ ಬಂದು ಉಳಿದ ಆಟ ಮುಗಿಸಿದಳು. ಆಗ ಒಂದೊಂದು ಆಟಕ್ಕೆ ಗರಿಷ್ಠ 10 ಅಂಕ, ನಾಲ್ಕು ಆಟಕ್ಕೆ ಒಟ್ಟು 40. ಅವಳದೇ ತಂಡದ ಯೂಲಿಯಾ ಬರ್ಸುಕೋವಾಗೆ 39.632, ಬೆಲಾರುಸ್‌ನ ಯೂಲಿಯಾ ರಾಸ್ಕಿನಾಗೆ 39.548, ಅಲಿನಾಗೆ 39.466. ಚಿನ್ನಕ್ಕೂ ಕಂಚಿಗೂ ನಡುವೆ ಇದ್ದಿದ್ದು 0.166 ಅಂಕ.

ಹೀಗಿದೆ ಈ ಆಟದ ಲೆಕ್ಕಾಚಾರ. ಒಂದು ಸಲ ಬೆರಳು ಜಾರಿದರೆ ನಾಲ್ಕು ವರ್ಷ ಕಾಯಬೇಕು, ಮತ್ತು ನಿಮ್ಮ ಹೆಸರಿನ ಮುಂದೆ ಮೂರು ದಶಮಾಂಶದವರೆಗೆ ಅದನ್ನು ಬರೆದಿಡುತ್ತಾರೆ.

ಆದರೆ ನಿಜವಾದ ಪೆಟ್ಟು ಬಿದ್ದಿದ್ದು ಮಾರನೇ ವರ್ಷ. 2001ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಗುಡ್‌ವಿಲ್ ಗೇಮ್ಸ್ ಅನ್ನುವ ಅಂತರರಾಷ್ಟ್ರೀಯ ಕ್ರೀಡಾಕೂಟ ನಡೆಯಿತು. ಅಲ್ಲಿ ಡೋಪಿಂಗ್ ಪರೀಕ್ಷೆಗೆ ಕೊಟ್ಟ ಮಾದರಿಯಲ್ಲಿ ಅಲಿನಾ ಮತ್ತು ಅವಳ ತಂಡದ ಜೊತೆಗಾತಿ ಇರಿನಾ ಚಾಶ್ಚಿನಾ ಇಬ್ಬರಿಗೂ ಫ್ಯೂರೋಸೆಮೈಡ್ ಪಾಸಿಟಿವ್ ಬಂತು. ಫ್ಯೂರೋಸೆಮೈಡ್ ನಮ್ಮಲ್ಲಿ ಬಿಪಿ, ಹೃದಯದ ರೋಗಿಗಳಿಗೆ ಕೊಡುವ ಮೂತ್ರ ಹೆಚ್ಚಿಸುವ ಮಾತ್ರೆ, ಹಿರಿಯರಿರುವ ಎಷ್ಟೋ ಮನೆಗಳಲ್ಲಿ ಇರುತ್ತದೆ. ಅದರಿಂದ ಶಕ್ತಿ ಬರುವುದಿಲ್ಲ. ಆದರೆ ಮೈಯಿಂದ ನೀರು ಹೊರಹಾಕಿ ತೂಕ ಇಳಿಸುತ್ತದೆ, ಬೇರೆ ಔಷಧಿಯ ಸುಳಿವನ್ನೂ ಮರೆಮಾಡುತ್ತದೆ. ಹಾಗಾಗಿ ನಿಷೇಧಿತ ಪಟ್ಟಿಯಲ್ಲಿದೆ. ಆಹಾರ ಪೂರಕವೊಂದರಲ್ಲಿ ಅದು ಬೆರೆತಿತ್ತು ಅಂತ ವೀನರ್ ವಾದಿಸಿದರು. ಆಗ ಅವರು ಅಂತರರಾಷ್ಟ್ರೀಯ ಜಿಮ್ನಾಸ್ಟಿಕ್ಸ್ ಒಕ್ಕೂಟದ ರಿದಮಿಕ್ ತಾಂತ್ರಿಕ ಸಮಿತಿಯ ಉಪಾಧ್ಯಕ್ಷೆ ಬೇರೆ. ಒಕ್ಕೂಟ ಒಪ್ಪಲಿಲ್ಲ. ಎರಡು ವರ್ಷದ ಶಿಕ್ಷೆ ಆಯಿತು, ಅದರಲ್ಲಿ ಮೊದಲ ವರ್ಷ ಪೂರ್ತಿ ನಿಷೇಧ, ಎರಡನೇ ವರ್ಷ ಷರತ್ತಿನ ಮೇಲೆ ಆಡಬಹುದು. ಗುಡ್‌ವಿಲ್ ಗೇಮ್ಸ್‌ನ ಪದಕಗಳು ಹೋದವು. ಆ ವರ್ಷ ಮ್ಯಾಡ್ರಿಡ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಗೆದ್ದಿದ್ದೂ ಹೋಯಿತು, ವಿಶ್ವ ಚಾಂಪಿಯನ್ ಪಟ್ಟ ಉಕ್ರೇನಿನ ತಮಾರಾ ಯೆರೊಫೆಯೆವಾಗೆ ಸಿಕ್ಕಿತು.

ತೂಕದ ಹುಚ್ಚು ಇರುವ ಆಟದಲ್ಲಿ, ತೂಕ ಇಳಿಸುವ ಮಾತ್ರೆ ಸಿಕ್ಕಿಬಿದ್ದಾಗ, ಹದಿನೆಂಟರ ಹುಡುಗಿ ಎಷ್ಟು ಜವಾಬ್ದಾರಳು, ಸುತ್ತ ಇದ್ದ ದೊಡ್ಡವರು ಎಷ್ಟು? ಪದಕ ಹೋಗಿದ್ದು ಹುಡುಗಿಯರದು. ದೊಡ್ಡವರು ಇನ್ನೂ ಇಪ್ಪತ್ತು ವರ್ಷ ಆರಾಮಾಗಿ ಆಟ ನಡೆಸಿದರು. ನನಗೆ ಈ ಭಾಗ ಓದಿದಾಗೆಲ್ಲ ಸಿಟ್ಟು ಬರುತ್ತದೆ.

ನಿಷೇಧದ ಕಾಲದಲ್ಲಿ ಟಿವಿ ಕಾರ್ಯಕ್ರಮ ನಡೆಸಿಕೊಟ್ಟಳು. ಎಷ್ಟೋ ಜನ ಅಲ್ಲಿಗೇ ಮುಗಿಸುತ್ತಿದ್ದರು. ಇವಳು ವಾಪಸ್ ಬಂದಳು. 2003ರಲ್ಲಿ ಬುಡಾಪೆಸ್ಟ್‌ನಲ್ಲಿ ಮತ್ತೆ ವಿಶ್ವ ಚಾಂಪಿಯನ್, 2004ರಲ್ಲಿ ಕೀವ್‌ನಲ್ಲಿ ಯುರೋಪಿಯನ್ ಚಾಂಪಿಯನ್. ಆಮೇಲೆ ಅಥೆನ್ಸ್. ಆ ಹೊತ್ತಿಗೆ ಅಂಕದ ಪದ್ಧತಿ ಬದಲಾಗಿತ್ತು, ಒಂದು ಆಟಕ್ಕೆ ಗರಿಷ್ಠ 30. ಅಲಿನಾ 108.400, ಚಾಶ್ಚಿನಾ 107.325, ಉಕ್ರೇನಿನ ಅನ್ನಾ ಬೆಸ್ಸೊನೋವಾ 106.700. ನಿಷೇಧಕ್ಕೆ ಒಳಗಾಗಿದ್ದ ಅದೇ ಇಬ್ಬರು ಹುಡುಗಿಯರು ಚಿನ್ನ, ಬೆಳ್ಳಿ. ಈ ಸಲ ಅಂತರ ಒಂದು ಅಂಕಕ್ಕಿಂತ ಜಾಸ್ತಿ, ಅನುಮಾನಕ್ಕೆ ಜಾಗ ಇರಲಿಲ್ಲ. ಬೆಸ್ಸೊನೋವಾ ಅಭಿಮಾನಿಗಳು ಒಪ್ಪಲಿಕ್ಕಿಲ್ಲ, ಅವರ ಜೊತೆ ಜಗಳಕ್ಕೆ ನಾನು ಸಿದ್ಧ ಇಲ್ಲ.

ಆ ವರ್ಷವೇ ನಿವೃತ್ತಿ ಅಂದಳು, 2005ರಲ್ಲಿ ಮತ್ತೆ ಬಂದಳು, ಆದರೆ ಮೊದಲಿನ ಹಾಗೆ ನಡೆಯಲಿಲ್ಲ. 2007ಕ್ಕೆ ಆಟ ಮುಗಿಯಿತು.

ಈಗ ರಾಜಕೀಯ. 2007ರ ಡಿಸೆಂಬರ್‌ನಲ್ಲಿ ರಷ್ಯಾದ ಸಂಸತ್ತಿನ ಕೆಳಮನೆ ಡುಮಾಕ್ಕೆ ಚುನಾವಣೆ ಆಯಿತು. ಅಲಿನಾ ಆಳುವ ಪಕ್ಷ ಯುನೈಟೆಡ್ ರಷ್ಯಾದಿಂದ ಸದಸ್ಯೆಯಾದಳು. ವಯಸ್ಸು 24. ಇಲ್ಲಿ ನಮ್ಮ ಓದುಗರಿಗೆ ಒಂದು ವಿಷಯ ಬಿಡಿಸಿ ಹೇಳಬೇಕು. ನಮ್ಮಲ್ಲಿ ಎಂಪಿ ಆಗಬೇಕು ಅಂದರೆ ಒಂದು ಕ್ಷೇತ್ರ ಇರುತ್ತದೆ, ಅಲ್ಲಿ ಹೋಗಿ ಕೈಮುಗಿಯಬೇಕು, ಗೆದ್ದ ಮೇಲೆ ಆ ಊರಿನವರು ರಸ್ತೆ ಎಲ್ಲಿ, ನೀರೆಲ್ಲಿ ಅಂತ ಬೈಯುತ್ತಾರೆ. ಆ ಸಲ ಡುಮಾದ ಚುನಾವಣೆಯಲ್ಲಿ ಕ್ಷೇತ್ರಗಳೇ ಇರಲಿಲ್ಲ. 450 ಸ್ಥಾನಗಳೂ ಪಕ್ಷಗಳ ಪಟ್ಟಿಯಿಂದ ತುಂಬುವ ವ್ಯವಸ್ಥೆ. ಜನ ಪಕ್ಷಕ್ಕೆ ಮತ ಹಾಕುತ್ತಾರೆ, ಪಕ್ಷ ತನ್ನ ಪಟ್ಟಿಯಿಂದ ಕಳಿಸುತ್ತದೆ. ಯುನೈಟೆಡ್ ರಷ್ಯಾ ಪಟ್ಟಿಯ ತುತ್ತತುದಿಯಲ್ಲಿ ಇದ್ದಿದ್ದು ಒಂದೇ ಹೆಸರು, ಪುಟಿನ್. ಪಕ್ಷಕ್ಕೆ 315 ಸ್ಥಾನ ಬಂದವು. ಅಂದರೆ ಕಬಾಯೆವಾಗೆ ಅಂತಲೇ ಯಾವ ಮತದಾರನೂ ಒಂದು ಮತ ಹಾಕಿದ್ದಿಲ್ಲ. ಸೋಲುವ ಭಯವೂ ಇಲ್ಲ, ಗೆದ್ದೆ ಅನ್ನುವ ಹಕ್ಕೂ ಇಲ್ಲ.

ಅವಳೊಬ್ಬಳೇ ಅಲ್ಲ. ಆರ್ಟಿಸ್ಟಿಕ್ ಜಿಮ್ನಾಸ್ಟಿಕ್ಸ್‌ನ ರಾಣಿ ಸ್ವೆತ್ಲಾನಾ ಖೋರ್ಕಿನಾ, ಸ್ಪೀಡ್ ಸ್ಕೇಟಿಂಗ್‌ನ ಸ್ವೆತ್ಲಾನಾ ಝುರೋವಾ, ಫಿಗರ್ ಸ್ಕೇಟಿಂಗ್‌ನಲ್ಲಿ ಮೂರು ಒಲಿಂಪಿಕ್ ಚಿನ್ನ ಗೆದ್ದ ಇರಿನಾ ರೊಡ್ನಿನಾ ಎಲ್ಲರೂ ಅದೇ ಸಲ, ಅದೇ ಪಕ್ಷದಿಂದ ಹೋದವರು. ಕುಸ್ತಿಪಟು ಅಲೆಕ್ಸಾಂಡರ್ ಕರೇಲಿನ್, ಹಾಕಿ ಗೋಲ್‌ಕೀಪರ್ ವ್ಲಾದಿಸ್ಲಾವ್ ತ್ರೆತ್ಯಾಕ್ ಆಗಲೇ ಅಲ್ಲಿದ್ದರು. 2011ರಲ್ಲಿ ಟೆನಿಸ್‌ನ ಮರಾತ್ ಸಾಫಿನ್ ಮತ್ತು ಆ ಏಳಡಿ ಬಾಕ್ಸರ್ ನಿಕೊಲಾಯ್ ವಲುಯೆವ್ ಸೇರಿಕೊಂಡರು. ಹಬ್ಬಕ್ಕೆ ಬಂದ ನೆಂಟರಿಗೆ ಕಾಣಲಿ ಅಂತ ಶೋಕೇಸ್‌ನಲ್ಲಿ ಪದಕ ಜೋಡಿಸಿದ ಹಾಗೆ ಪಕ್ಷ ಇವರನ್ನು ಜೋಡಿಸಿಕೊಂಡಿತು.

ಅಲಿನಾ ಯುವಜನ ವ್ಯವಹಾರಗಳ ಸಮಿತಿಯ ಉಪಾಧ್ಯಕ್ಷೆ ಆದಳು. 2011ರಲ್ಲಿ ಮತ್ತೆ ಆಯ್ಕೆಯಾದಳು. ಒಟ್ಟು ಏಳು ವರ್ಷದ ಹತ್ತಿರ. ಆ ಏಳು ವರ್ಷದಿಂದ ಜನರ ಬಾಯಲ್ಲಿ ಉಳಿದ ಒಂದು ಭಾಷಣ ಇಲ್ಲ, ಆಕೆಯ ಹೆಸರು ಹೇಳಿ ಗುರುತಿಸುವ ಒಂದು ಕಾನೂನು ಇಲ್ಲ. ಆಕೆ ಸೋಮಾರಿ ಅಂತ ನಾನು ಹೇಳುತ್ತಿಲ್ಲ. ದಿನಕ್ಕೆ ಎಂಟು ಹತ್ತು ಗಂಟೆ ಬೆವರು ಸುರಿಸೋದು ಅಭ್ಯಾಸ ಇದ್ದವಳು ಸೋಮಾರಿ ಹೇಗಾಗುತ್ತಾಳೆ? ಆ ಸದನದಲ್ಲಿ ಬೆವರು ಸುರಿಸುವ ಅಗತ್ಯವೇ ಇರಲಿಲ್ಲ. ಅಮೆರಿಕದವರು ರಷ್ಯಾದ ಅನಾಥ ಮಕ್ಕಳನ್ನು ದತ್ತು ತೆಗೆದುಕೊಳ್ಳಬಾರದು ಅನ್ನುವ ಕಾನೂನು 2012ರ ಡಿಸೆಂಬರ್‌ನಲ್ಲಿ 420 ಮತಗಳಿಂದ ಪಾಸಾಯಿತು, ವಿರೋಧ 7. ಕ್ರಿಮಿಯಾವನ್ನು ಸೇರಿಸಿಕೊಳ್ಳುವ ಮಸೂದೆ 2014ರ ಮಾರ್ಚ್‌ನಲ್ಲಿ ಬಂದಾಗ ವಿರೋಧ ಒಂದೇ ಒಂದು, ಇಲ್ಯಾ ಪೊನೊಮರ್ಯೋವ್ ಅವರದು. ಇಂಥ ಅಂಕಿಗಳು ಬರುವ ಕಡೆ ಒಬ್ಬ ಸದಸ್ಯೆಯ ಮತಕ್ಕೆ ತೂಕ ಎಲ್ಲಿಂದ ಬರಬೇಕು? 0.166ರಲ್ಲಿ ಚಿನ್ನ ಕಳೆದುಕೊಂಡವಳಿಗೆ ಇದು ಹೇಗೆ ಅನಿಸಿರಬಹುದು ಅಂತ ನನಗೆ ಕುತೂಹಲ. ನಿರಾಳ ಅನಿಸಿರಲೂಬಹುದು.

ನಮ್ಮ ದೇಶದ ಜೊತೆ ಹೋಲಿಸದೆ ಇರೋಕೆ ಆಗುತ್ತಿಲ್ಲ. ಅಲಿನಾ ಚಿನ್ನ ಗೆದ್ದ ಅದೇ ಅಥೆನ್ಸ್‌ನಲ್ಲಿ ಭಾರತಕ್ಕೆ ಸಿಕ್ಕಿದ್ದು ಒಂದೇ ಪದಕ, ಶೂಟಿಂಗ್‌ನಲ್ಲಿ ರಾಜ್ಯವರ್ಧನ್ ರಾಥೋಡ್ ಗೆದ್ದ ಬೆಳ್ಳಿ. ಅವರೂ ರಾಜಕೀಯಕ್ಕೆ ಬಂದರು, ಆದರೆ ಜೈಪುರ ಗ್ರಾಮಾಂತರ ಕ್ಷೇತ್ರದಲ್ಲಿ ನಿಂತು ಗೆದ್ದು 2014ರಲ್ಲಿ ಲೋಕಸಭೆಗೆ ಹೋದರು, ಆಮೇಲೆ ಕ್ರೀಡಾ ಸಚಿವರೂ ಆದರು. 2024ರಲ್ಲಿ ವಿನೇಶ್ ಫೋಗಟ್ ಹರಿಯಾಣದ ಜುಲಾನಾದಲ್ಲಿ ನಿಂತು ಗೆದ್ದಳು. ಪಕ್ಷ ಯಾವುದಾದರೂ ಇರಲಿ, ಇವರು ಜನರ ಎದುರು ಹೋಗಿ ಅಂಕ ಪಡೆದವರು. ರಾಜ್ಯಸಭೆಗೆ ನಾಮಕರಣ ಆದ ಸಚಿನ್, ಮೇರಿ ಕೋಮ್, ಪಿ.ಟಿ. ಉಷಾ ಅವರದು ಬೇರೆ ದಾರಿ. ಸಚಿನ್ ಹಾಜರಾತಿ ಬಗ್ಗೆ ನಾವೆಲ್ಲ ಎಷ್ಟು ಮಾತಾಡಿದೆವು, ನೆನಪಿದೆಯಾ? ಮಾತಾಡುವ ಸ್ವಾತಂತ್ರ್ಯ ಇತ್ತು, ಅದೇ ದೊಡ್ಡದು.

ರಷ್ಯಾದಲ್ಲಿ ಆ ಮಾತಿಗೆ ಏನಾಗುತ್ತದೆ ಅಂತ 2008ರಲ್ಲಿ ಗೊತ್ತಾಯಿತು. ಪುಟಿನ್ ಕಬಾಯೆವಾಳನ್ನು ಮದುವೆ ಆಗುತ್ತಾರೆ ಅಂತ ಮಾಸ್ಕೋದ ಒಂದು ಸಣ್ಣ ಪತ್ರಿಕೆ ಏಪ್ರಿಲ್‌ನಲ್ಲಿ ಬರೆಯಿತು. ಪುಟಿನ್ ಇಟಲಿಯ ಸಾರ್ಡೀನಿಯಾದಲ್ಲಿ ಪತ್ರಿಕಾಗೋಷ್ಠಿಯಲ್ಲೇ ಇದು ಸುಳ್ಳು ಅಂದರು. ಪತ್ರಿಕೆ ಕೆಲವೇ ದಿನದಲ್ಲಿ ನಿಂತುಹೋಯಿತು. ಆ ಸುದ್ದಿ ನಿಜವೋ ಸುಳ್ಳೋ, ಅದನ್ನು ಬಿಡಿ. ಅಲ್ಲಿಂದ ಮುಂದೆ ಹೊರಗಿನ ಜಗತ್ತು ಆಕೆಯ ಬಗ್ಗೆ ಬೇರೆ ಪ್ರಶ್ನೆಯನ್ನೇ ಕೇಳಲಿಲ್ಲ. ಇದು ಹೆಣ್ಣು ಅನ್ನೋ ಕಾರಣಕ್ಕೆ ಆದ ಅನ್ಯಾಯವೂ ಹೌದು. ಕರೇಲಿನ್ ಡುಮಾದಲ್ಲಿ ಏನು ಮಾಡಿದ ಅಂತಲೂ ಯಾರೂ ಕೇಳಲಿಲ್ಲ, ಆದರೆ ಅವನನ್ನು ಯಾರ ಪಕ್ಕದಲ್ಲೂ ನಿಲ್ಲಿಸಿ ನೋಡಲಿಲ್ಲ.

2014ರ ಫೆಬ್ರವರಿ 7, ಸೋಚಿ ಚಳಿಗಾಲದ ಒಲಿಂಪಿಕ್ಸ್ ಉದ್ಘಾಟನೆ. ಜ್ಯೋತಿಯನ್ನು ಕ್ರೀಡಾಂಗಣದೊಳಗೆ ತಂದವಳು ಮರಿಯಾ ಶರಪೋವಾ. ಅವಳಿಂದ ಪೋಲ್ ವಾಲ್ಟ್‌ನ ಯೆಲೆನಾ ಇಸಿನ್‌ಬಯೇವಾ, ಅಲ್ಲಿಂದ ಕರೇಲಿನ್, ಕರೇಲಿನ್ ಕೈಯಿಂದ ಕಬಾಯೆವಾ. ಕೊನೆಗೆ ರೊಡ್ನಿನಾ ಮತ್ತು ತ್ರೆತ್ಯಾಕ್ ಸೇರಿ ದೀಪ ಹಚ್ಚಿದರು. ಲೆಕ್ಕ ಹಾಕಿ: ಆರು ಜನ, ಅದರಲ್ಲಿ ನಾಲ್ವರು ಅವತ್ತಿಗೆ ಡುಮಾ ಸದಸ್ಯರು, ನಾಲ್ವರೂ ಒಂದೇ ಪಕ್ಷದವರು. ಕಬಾಯೆವಾ ಓಡಿ ಬಂದಾಗ ಜಗತ್ತಿನ ಟ್ವಿಟರ್ ಪೂರ್ತಿ ಗಾಸಿಪ್‌ನಲ್ಲಿ ಮುಳುಗಿತು. ಈ ಲೆಕ್ಕ ಹೆಚ್ಚು ಜನರ ಕಣ್ಣಿಗೆ ಬೀಳಲಿಲ್ಲ. ನನಗಂತೂ ಇದೇ ಆ ರಾತ್ರಿಯ ಅಸಲಿ ಸುದ್ದಿ.

ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಆಕೆ ಡುಮಾ ಬಿಟ್ಟು ನ್ಯಾಷನಲ್ ಮೀಡಿಯಾ ಗ್ರೂಪ್‌ನ ನಿರ್ದೇಶಕ ಮಂಡಳಿಯ ಅಧ್ಯಕ್ಷೆಯಾದಳು. ಪುಟಿನ್ ಆಪ್ತ, ಬ್ಯಾಂಕ್ ರಾಸಿಯಾದ ಯೂರಿ ಕೊವಲ್ಚುಕ್‌ಗೆ ಹತ್ತಿರದ ಸಂಸ್ಥೆ ಅದು. ಟಿವಿ ಚಾನೆಲ್‌ಗಳು, ಇಜ್ವೆಸ್ತಿಯಾ ಪತ್ರಿಕೆ ಎಲ್ಲ ಅದರ ಬುಟ್ಟಿಯಲ್ಲಿ. ವಯಸ್ಸು 31. ದೊಡ್ಡ ಮಾಧ್ಯಮ ಸಂಸ್ಥೆ ನಡೆಸಿದ ಅನುಭವ ಇಲ್ಲ. ಕಬಾಯೆವಾ ರಾಜಕೀಯಕ್ಕೆ ಬಂದಳು ಅಂತ ಎಲ್ಲರೂ ಬರೆಯುತ್ತಾರೆ. ಆದರೆ ನನ್ನ ಪ್ರಕಾರ ಆಕೆಯ ನಿಜವಾದ ರಾಜಕೀಯ ಶುರುವಾಗಿದ್ದು ಸಂಸತ್ತು ಬಿಟ್ಟ ಮೇಲೆ. ಜನ ಬೆಳಗ್ಗೆ ಎದ್ದು ಟಿವಿಯಲ್ಲಿ ಏನು ನೋಡುತ್ತಾರೆ ಅನ್ನೋದು ಡುಮಾದ ಒಂದು ಕುರ್ಚಿಗಿಂತ ದೊಡ್ಡ ಅಧಿಕಾರ.

2022ರಲ್ಲಿ ಉಕ್ರೇನ್ ಮೇಲೆ ದಾಳಿ ಆದ ಮೇಲೆ ಲೆಕ್ಕ ಕೇಳುವವರು ಬಂದರು, ಹೊರಗಿನಿಂದ. ಮೇ ತಿಂಗಳಲ್ಲಿ ಬ್ರಿಟನ್, ಜೂನ್‌ನಲ್ಲಿ ಐರೋಪ್ಯ ಒಕ್ಕೂಟ, ಆಗಸ್ಟ್‌ನಲ್ಲಿ ಅಮೆರಿಕ ಆಕೆಯನ್ನು ನಿರ್ಬಂಧದ ಪಟ್ಟಿಗೆ ಸೇರಿಸಿದವು. ಪುಟಿನ್‌ಗೆ ಹತ್ತಿರದವಳು ಅನ್ನೋದರ ಜೊತೆ ಮಾಧ್ಯಮ ಸಂಸ್ಥೆಯ ಹುದ್ದೆಯನ್ನೂ ಕಾರಣವಾಗಿ ಹೇಳಿದವು. ಅದಕ್ಕೂ ಮುಂಚೆ, ಏಪ್ರಿಲ್‌ನಲ್ಲಿ, ಮಾಸ್ಕೋದಲ್ಲಿ ಆಕೆ ತನ್ನ ಹೆಸರಿನ ಮಕ್ಕಳ ಜಿಮ್ನಾಸ್ಟಿಕ್ಸ್ ಉತ್ಸವ ನಡೆಸಿದಳು. ಹಿನ್ನೆಲೆಯಲ್ಲಿ ಯುದ್ಧದ ಗುರುತಾದ ಝಡ್ ಅಕ್ಷರ ಇತ್ತು. ಅದರ ಮುಂದೆ ಪುಟ್ಟ ಹುಡುಗಿಯರು ಕುಣಿದರು. ಬುಡಾಪೆಸ್ಟ್, ಅಥೆನ್ಸ್‌ನಲ್ಲಿ ಉಕ್ರೇನಿನ ಬೆಸ್ಸೊನೋವಾ ಜೊತೆ ಅದೇ ಪದಕ ಕಟ್ಟೆಯ ಮೇಲೆ ನಿಂತಿದ್ದವಳು ಇವಳು. ಇದಕ್ಕೆ ನಾನು ಸಮಜಾಯಿಷಿ ಹುಡುಕುವುದಿಲ್ಲ. ಹದಿನೆಂಟರಲ್ಲಿ ಸುತ್ತಲಿನ ದೊಡ್ಡವರ ಮೇಲೆ ಹೊರಿಸಬಹುದಿತ್ತು. ಈಗ ಆ ದೊಡ್ಡವರಲ್ಲಿ ಇವಳೂ ಒಬ್ಬಳು.

ಆಟದ ಕಡೆ ಏನಾಯಿತು ಅಂದರೆ, 2000ದಿಂದ 2016ರವರೆಗೆ ರಿದಮಿಕ್ ವೈಯಕ್ತಿಕ ಚಿನ್ನ ಒಂದು ಸಲವೂ ರಷ್ಯಾ ಬಿಟ್ಟು ಹೋಗಿರಲಿಲ್ಲ. ಬರ್ಸುಕೋವಾ, ಕಬಾಯೆವಾ, ಎರಡು ಸಲ ಯೆವ್ಗೇನಿಯಾ ಕನಾಯೆವಾ, ಮಾರ್ಗರೀಟಾ ಮಾಮುನ್. ಟೋಕಿಯೊದಲ್ಲಿ ಇಸ್ರೇಲಿನ ಲಿನೋಯ್ ಅಶ್ರಾಮ್ ಆ ಸರಪಳಿ ಮುರಿದಳು. ವೀನರ್ ತೀರ್ಪುಗಾರರ ಮೇಲೆ ಹರಿಹಾಯ್ದರು, ಕೊನೆಗೆ ಅದಕ್ಕಾಗಿ ಎರಡು ವರ್ಷದ ಅಮಾನತು ಶಿಕ್ಷೆಯೂ ಬಂತು. 2022ರ ಮಾರ್ಚ್‌ನಲ್ಲಿ ರಷ್ಯಾ, ಬೆಲಾರುಸ್ ಜಿಮ್ನಾಸ್ಟ್‌ಗಳಿಗೆ ಅಂತರರಾಷ್ಟ್ರೀಯ ಸ್ಪರ್ಧೆಗಳ ಬಾಗಿಲು ಮುಚ್ಚಿತು. ಕಬಾಯೆವಾ ತನ್ನದೇ ಸಂಘ ಕಟ್ಟಿ ತನ್ನದೇ ಪಂದ್ಯಾವಳಿ ಶುರುಮಾಡಿದಳು.

2024ರ ಪ್ಯಾರಿಸ್‌ನಲ್ಲಿ ಚಿನ್ನ ಗೆದ್ದವಳು ಜರ್ಮನಿಯ ದಾರ್ಯಾ ವರ್ಫೊಲೊಮೆಯೆವ್. ಹುಟ್ಟಿದ್ದು ಸೈಬೀರಿಯಾದ ಬರ್ನಾವುಲ್‌ನಲ್ಲಿ. ಅವಳೂ ಹನ್ನೆರಡನೇ ವಯಸ್ಸಿಗೆ ಆಟಕ್ಕಾಗಿ ಊರು ಬಿಟ್ಟವಳೇ, ಆದರೆ ಮಾಸ್ಕೋ ಕಡೆ ಅಲ್ಲ, ಪಶ್ಚಿಮದ ಕಡೆ. ಅವಳ ರಿಬ್ಬನ್ ಆಟದ ವಿಡಿಯೊ ಸಿಕ್ಕರೆ ನೋಡಿ, ಚೆನ್ನಾಗಿದೆ.